ಕೃಷಿ ಅರ್ಥಶಾಸ್ತ್ರ ವಿಭಾಗದ ಒಂದು ವರ್ಷದ ಸುದ್ದಿ: ಅಂಕಿಗಳನ್ನು ನಿಮ್ಮ ಹೊಲಕ್ಕೆ ಅನ್ವಯಿಸಿಕೊಳ್ಳುವುದು ಹೇಗೆ?

ಕೃಷಿ ವಿಶ್ವವಿದ್ಯಾಲಯದಿಂದ ರೈತರು ಸಾಮಾನ್ಯವಾಗಿ ನಿರೀಕ್ಷಿಸುವುದು ಹೊಸ ತಳಿ, ಗೊಬ್ಬರದ ಶಿಫಾರಸು ಮತ್ತು ಕೀಟ-ರೋಗಗಳ ಹತೋಟಿ ಕ್ರಮಗಳನ್ನು. ಇವುಗಳ ಜೊತೆಗೆ ಕೃಷಿ ಅರ್ಥಶಾಸ್ತ್ರ ವಿಭಾಗದ ಅಧ್ಯಯನಗಳಿಂದ ವರ್ಷವಿಡೀ ಮತ್ತೊಂದು ಬಗೆಯ ಮಾಹಿತಿ ಹೊರಬರುತ್ತಿರುತ್ತದೆ: ಬೇಸಾಯ ವೆಚ್ಚ, ಬೆಂಬಲ ಬೆಲೆ, ಮಾರುಕಟ್ಟೆಯ ಆವಕ, ಬೆಲೆಯ ಮುನ್ಸೂಚನೆ, ಸಾಲ ಮತ್ತು ಬಡ್ಡಿ. ಪತ್ರಿಕೆಯಲ್ಲಿ ಒಂದು ದಿನ ಸುದ್ದಿಯಾಗಿ ಮರೆಯಾಗುವ ಈ ಅಂಕಿಗಳು ವಾಸ್ತವದಲ್ಲಿ ಬಿತ್ತನೆಯಷ್ಟೇ ಮುಖ್ಯವಾದ ನಿರ್ಧಾರಗಳಿಗೆ ಆಧಾರವಾಗಬಲ್ಲವು.

ಬೇಸಾಯಶಾಸ್ತ್ರದ ವಿಜ್ಞಾನಿಗಳಾದ ನಾವು ಇಳುವರಿಯ ಬಗ್ಗೆ ಹೆಚ್ಚು ಮಾತನಾಡುತ್ತೇವೆ. ಆದರೆ ಇಳುವರಿ ಮತ್ತು ಆದಾಯ ಒಂದೇ ಅಲ್ಲ. ಸರ್ಕಾರ ಘೋಷಿಸುವ ಬೆಲೆ ಎಲ್ಲರಿಗೂ ಒಂದೇ ಆಗಿರುತ್ತದೆ. ಒಂದು ಕ್ವಿಂಟಾಲ್ ಬೆಳೆಯಲು ತಗಲುವ ವೆಚ್ಚ ಮಾತ್ರ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಆದುದರಿಂದ ಒಂದೇ ಬೆಲೆಯಲ್ಲಿ ಒಬ್ಬ ರೈತನಿಗೆ ಲಾಭವಾದರೆ ಪಕ್ಕದ ಹೊಲದವನಿಗೆ ನಷ್ಟವಾಗಬಹುದು. ಈ ಲೇಖನದಲ್ಲಿ 2025-26ರ ಕೃಷಿ ವರ್ಷದ ಸುದ್ದಿಗಳನ್ನು ತಿಂಗಳುಗಳ ಕ್ರಮದಲ್ಲಿ ಎತ್ತಿಕೊಂಡು, ಪ್ರತಿಯೊಂದನ್ನೂ ನಿಮ್ಮ ಹೊಲದ ಲೆಕ್ಕಕ್ಕೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ವಿವರಿಸಲಾಗಿದೆ.

ವರ್ಷವಿಡೀ ನಡೆಯುವ ಕೆಲಸ: ಬೇಸಾಯ ವೆಚ್ಚದ ಅಧ್ಯಯನ

ಕೃಷಿ ವರ್ಷವು ಜುಲೈ 1ರಿಂದ ಜೂನ್ 30ರವರೆಗೆ ನಡೆಯುತ್ತದೆ. ಈ ಅವಧಿಯುದ್ದಕ್ಕೂ ಅರ್ಥಶಾಸ್ತ್ರ ವಿಭಾಗದ ಒಂದು ಕೆಲಸ ಸದ್ದಿಲ್ಲದೆ ಸಾಗುತ್ತಿರುತ್ತದೆ. ಪ್ರಮುಖ ಬೆಳೆಗಳ ಬೇಸಾಯ ವೆಚ್ಚವನ್ನು ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಸಮಗ್ರ ಯೋಜನೆ 1970-71ರಲ್ಲಿ ಆರಂಭವಾಯಿತು. ಇದನ್ನು ಬಹುತೇಕ ರಾಜ್ಯಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಈ ಹೊಣೆಯನ್ನು ನಿರ್ವಹಿಸುತ್ತ ಬಂದಿದೆ.

ಯೋಜನೆಯ ವಿಧಾನ ಸರಳವಾದರೂ ಶ್ರಮದಾಯಕ. ಮೊದಲು ತಾಲ್ಲೂಕುಗಳನ್ನು, ಅನಂತರ ಗ್ರಾಮ ಸಮೂಹಗಳನ್ನು, ಕೊನೆಗೆ ರೈತ ಕುಟುಂಬಗಳನ್ನು ಆಯ್ದುಕೊಳ್ಳಲಾಗುತ್ತದೆ. ಪ್ರತಿ ಸಮೂಹದಲ್ಲಿ ಹಿಡುವಳಿಯ ಗಾತ್ರಕ್ಕನುಗುಣವಾಗಿ 5 ವರ್ಗಗಳನ್ನು ಮಾಡಿ, ಪ್ರತಿ ವರ್ಗದಿಂದ 2ರಂತೆ ಒಟ್ಟು 10 ಹಿಡುವಳಿಗಳನ್ನು ಆರಿಸುತ್ತಾರೆ. ಕ್ಷೇತ್ರ ಸಹಾಯಕರು ಆ ಕುಟುಂಬಗಳನ್ನು ಮತ್ತೆ ಮತ್ತೆ ಭೇಟಿ ಮಾಡಿ, ಎಷ್ಟು ಆಳು ದುಡಿದರು, ಎಷ್ಟು ಗಂಟೆ ಟ್ರ್ಯಾಕ್ಟರ್ ನಡೆಯಿತು, ಎಷ್ಟು ಗೊಬ್ಬರ ಹಾಕಲಾಯಿತು, ಎಷ್ಟು ಕಾಳು ಮತ್ತು ಹುಲ್ಲು ಮನೆಗೆ ಬಂತು ಎಂಬುದನ್ನು ದಾಖಲಿಸುತ್ತಾರೆ.

ಈ ದಾಖಲೆಗಳು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗಕ್ಕೆ ಆಧಾರ. 1965ರಲ್ಲಿ ಕೃಷಿ ಬೆಲೆಗಳ ಆಯೋಗವೆಂಬ ಹೆಸರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1985ರಲ್ಲಿ ಈಗಿನ ಹೆಸರನ್ನು ಪಡೆಯಿತು. ಆಯೋಗವು ಬೆಂಬಲ ಬೆಲೆಯನ್ನು ಶಿಫಾರಸು ಮಾಡುತ್ತದೆ; ಕೇಂದ್ರ ಸರ್ಕಾರ ಅದನ್ನು ಘೋಷಿಸುತ್ತದೆ. ಆದುದರಿಂದ ನಿಮ್ಮ ಊರಿಗೆ ಇಂತಹ ಸಮೀಕ್ಷೆಗೆ ಯಾರಾದರೂ ಬಂದರೆ ಸರಿಯಾದ ಲೆಕ್ಕವನ್ನೇ ನೀಡಿ. ಮನೆಮಂದಿ ದುಡಿದ ದಿನಗಳನ್ನು ‘ಅದೇನು ದೊಡ್ಡದು’ ಎಂದು ಬಿಟ್ಟುಬಿಟ್ಟರೆ, ಲೆಕ್ಕದಲ್ಲಿ ವೆಚ್ಚ ಕಡಿಮೆಯಾಗಿ ಕಾಣುತ್ತದೆ.

ಮೇ-ಜೂನ್: ಮುಂಗಾರು ಬೆಂಬಲ ಬೆಲೆಯ ಘೋಷಣೆ

ವರ್ಷದ ಮೊದಲ ದೊಡ್ಡ ಸುದ್ದಿ ಬಿತ್ತನೆಗೆ ಸ್ವಲ್ಪ ಮುಂಚೆ ಬರುತ್ತದೆ. 2025-26ರ ಮುಂಗಾರು ಬೆಳೆಗಳ ಬೆಂಬಲ ಬೆಲೆ 2025ರ ಮೇ 28ರಂದು ಪ್ರಕಟವಾಯಿತು. ನಮ್ಮ ರಾಜ್ಯದ ಕೆಲವು ಮುಖ್ಯ ಬೆಳೆಗಳ ವೆಚ್ಚ ಮತ್ತು ಬೆಲೆ (ಕ್ವಿಂಟಾಲಿಗೆ ರೂಪಾಯಿಗಳಲ್ಲಿ) ಹೀಗಿವೆ:

- ಭತ್ತ (ಸಾಮಾನ್ಯ): ವೆಚ್ಚ 1,579, ಬೆಂಬಲ ಬೆಲೆ 2,369
- ಜೋಳ (ಹೈಬ್ರಿಡ್): ವೆಚ್ಚ 2,466, ಬೆಂಬಲ ಬೆಲೆ 3,699
- ರಾಗಿ: ವೆಚ್ಚ 3,257, ಬೆಂಬಲ ಬೆಲೆ 4,886
- ಮುಸುಕಿನ ಜೋಳ: ವೆಚ್ಚ 1,508, ಬೆಂಬಲ ಬೆಲೆ 2,400
- ತೊಗರಿ: ವೆಚ್ಚ 5,038, ಬೆಂಬಲ ಬೆಲೆ 8,000
- ಹೆಸರು: ವೆಚ್ಚ 5,845, ಬೆಂಬಲ ಬೆಲೆ 8,768
- ಶೇಂಗಾ: ವೆಚ್ಚ 4,842, ಬೆಂಬಲ ಬೆಲೆ 7,263
- ಸೂರ್ಯಕಾಂತಿ: ವೆಚ್ಚ 5,147, ಬೆಂಬಲ ಬೆಲೆ 7,721
- ಸೋಯಾ ಅವರೆ: ವೆಚ್ಚ 3,552, ಬೆಂಬಲ ಬೆಲೆ 5,328

ಹಿಂದಿನ ವರ್ಷಕ್ಕೆ ಹೋಲಿಸಿದರೆ ರಾಗಿಯ ಬೆಲೆ ಕ್ವಿಂಟಾಲಿಗೆ 4,290 ರೂ.ಗಳಿಂದ 596 ರೂ. ಏರಿತು. ಹುಚ್ಚೆಳ್ಳನ್ನು ಬಿಟ್ಟರೆ ಆ ವರ್ಷ ಅತಿ ಹೆಚ್ಚು ಏರಿಕೆ ಕಂಡ ಮುಂಗಾರು ಬೆಳೆ ಇದೇ.

ಇಲ್ಲಿ ‘ವೆಚ್ಚ’ ಎಂದರೆ ಯಾವುದು ಎಂಬುದನ್ನು ಅರಿಯುವುದು ಅಗತ್ಯ. ಅರ್ಥಶಾಸ್ತ್ರಜ್ಞರು ಮೂರು ಬಗೆಯ ವೆಚ್ಚವನ್ನು ಬಳಸುತ್ತಾರೆ.

1. ಎ2 ವೆಚ್ಚ: ಬೀಜ, ಗೊಬ್ಬರ, ಔಷಧಿ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ನೀರಾವರಿ, ದುಡಿಯುವ ಬಂಡವಾಳದ ಬಡ್ಡಿ, ಸಲಕರಣೆಗಳ ಸವಕಳಿ ಮತ್ತು ಗೇಣಿಗೆ ಪಡೆದ ಭೂಮಿಗೆ ಕೊಟ್ಟ ಗೇಣಿ. ಸ್ವಂತ ಬೀಜ, ಸ್ವಂತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಂತ ಎತ್ತುಗಳ ದುಡಿಮೆಗೂ ಬೆಲೆ ಕಟ್ಟಲಾಗುತ್ತದೆ.
2. ಎ2 + ಎಫ್‌ಎಲ್ ವೆಚ್ಚ: ಮೇಲಿನದಕ್ಕೆ ಮನೆಮಂದಿಯ ದುಡಿಮೆಯ ಕೂಲಿಯನ್ನು ಸೇರಿಸಿದ್ದು.
3. ಸಿ2 ವೆಚ್ಚ: ಇದಕ್ಕೆ ಸ್ವಂತ ಭೂಮಿಯ ಗೇಣಿ ಮೌಲ್ಯ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು.

ಬೆಂಬಲ ಬೆಲೆಯು ವೆಚ್ಚದ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂಬ ನಿಯಮ 2018-19ರಿಂದ ಜಾರಿಯಲ್ಲಿದೆ. ಆ ಒಂದೂವರೆ ಪಟ್ಟನ್ನು ಎಣಿಸುವುದು ಎರಡನೆಯ ವೆಚ್ಚದ ಮೇಲೆ, ಅಂದರೆ ಎ2 + ಎಫ್‌ಎಲ್ ಮೇಲೆ. ಸಿ2 ವೆಚ್ಚದ ಮೇಲೆ ಎಣಿಸಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ. ಮೇಲಿನ ಪಟ್ಟಿಯಲ್ಲಿರುವುದೂ ಎ2 + ಎಫ್‌ಎಲ್ ವೆಚ್ಚವೇ. ಜೊತೆಗೆ ಅದು ಇಡೀ ದೇಶದ ಸರಾಸರಿ. ಹಿಂದಿನ ವರ್ಷಗಳ ದಾಖಲೆಗಳನ್ನು ಈಗಿನ ಪರಿಕರಗಳ ಬೆಲೆಗೆ ಹೊಂದಿಸಿ ಅಂದಾಜಿಸಿದ ಅಂಕಿ. ನಿಮ್ಮ ಜಿಲ್ಲೆಯ ಮಳೆಯಾಶ್ರಿತ ಕೆಂಪು ಮಣ್ಣಿನ ವೆಚ್ಚ ಅದಕ್ಕಿಂತ ಬಹಳ ಭಿನ್ನವಾಗಿರಬಹುದು.

ನಿಮ್ಮ ಎಕರೆಯ ಲೆಕ್ಕ: ರಾಗಿಯ ಒಂದು ಉದಾಹರಣೆ

ಸರಾಸರಿಯಿಂದ ನಿಮ್ಮ ಹೊಲಕ್ಕೆ ಬರುವ ದಾರಿ ಒಂದೇ: ಸ್ವಂತ ಲೆಕ್ಕ. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಕೊಟ್ಟ ಉದಾಹರಣೆ ಮಾತ್ರ. ಇವುಗಳ ಜಾಗದಲ್ಲಿ ನಿಮ್ಮ ಊರಿನ ದರಗಳನ್ನು ಬರೆದುಕೊಳ್ಳಬೇಕು. ಒಂದು ಎಕರೆ ಮಳೆಯಾಶ್ರಿತ ರಾಗಿಗೆ ತಗಲುವ ವೆಚ್ಚ (ರೂಪಾಯಿಗಳಲ್ಲಿ):

- ಉಳುಮೆ ಮತ್ತು ಬಿತ್ತನೆ: 5,000
- ಬೀಜ: 400
- ಕೊಟ್ಟಿಗೆ ಗೊಬ್ಬರ (ಸ್ವಂತದ್ದಾದರೂ ಪೇಟೆಯ ಬೆಲೆಯಲ್ಲಿ): 5,000
- ರಸಗೊಬ್ಬರ: 2,600
- ಅಂತರ ಬೇಸಾಯ ಮತ್ತು ಕಳೆ ತೆಗೆಯುವ ಕೂಲಿ: 4,500
- ಕೊಯ್ಲು ಮತ್ತು ಒಕ್ಕಣೆ: 6,000
- ಚೀಲ, ಸಾಗಣೆ: 1,000
- ಬೆಳೆಗಾಲದ ಬಡ್ಡಿ, ಸವಕಳಿ ಇತ್ಯಾದಿ: 1,000

ಇಲ್ಲಿಗೆ ಒಟ್ಟು 25,500 ರೂ. ಮನೆಮಂದಿಯ ದುಡಿಮೆಗೆ 6,500 ರೂ. ಸೇರಿಸಿದರೆ 32,000 ರೂ. ಸ್ವಂತ ಭೂಮಿಯ ಗೇಣಿ ಮೌಲ್ಯ ಮತ್ತು ಸ್ವಂತ ಬಂಡವಾಳದ ಬಡ್ಡಿಗೆ 8,000 ರೂ. ಸೇರಿಸಿದರೆ 40,000 ರೂ.

ರಾಗಿಯಲ್ಲಿ ಕಾಳಿನಷ್ಟೇ ಅಲ್ಲದೆ ಹುಲ್ಲೂ ಬೆಳೆ. ಅಧಿಕೃತ ಲೆಕ್ಕದಲ್ಲಿ ವೆಚ್ಚವನ್ನು ಕಾಳು ಮತ್ತು ಹುಲ್ಲಿನ ಮೌಲ್ಯಕ್ಕೆ ತಕ್ಕಂತೆ ಹಂಚುತ್ತಾರೆ. ಮನೆಯ ಲೆಕ್ಕಕ್ಕೆ ಹುಲ್ಲಿನ ಬೆಲೆಯನ್ನು ವೆಚ್ಚದಿಂದ ಕಳೆದರೆ ಸಾಕು. ಹುಲ್ಲಿಗೆ 4,000 ರೂ. ಎಂದಿಟ್ಟುಕೊಂಡರೆ ಎರಡನೆಯ ವೆಚ್ಚ 28,000 ರೂ., ಮೂರನೆಯದು 36,000 ರೂ. ಆಗುತ್ತದೆ. ಲೆಕ್ಕ ಸುಲಭವಾಗಲೆಂದು ಇಳುವರಿ ಬದಲಾದರೂ ವೆಚ್ಚ ಬದಲಾಗದೆಂದು ಭಾವಿಸೋಣ. ಆಗ ಕ್ವಿಂಟಾಲಿಗೆ ತಗಲುವ ವೆಚ್ಚ:

- ಎಕರೆಗೆ 10 ಕ್ವಿಂಟಾಲ್ ಬಂದರೆ: ಎ2 + ಎಫ್‌ಎಲ್ 2,800, ಸಿ2 3,600
- 8 ಕ್ವಿಂಟಾಲ್ ಬಂದರೆ: ಎ2 + ಎಫ್‌ಎಲ್ 3,500, ಸಿ2 4,500
- 6 ಕ್ವಿಂಟಾಲ್ ಬಂದರೆ: ಎ2 + ಎಫ್‌ಎಲ್ 4,667, ಸಿ2 6,000
- 5 ಕ್ವಿಂಟಾಲ್ ಬಂದರೆ: ಎ2 + ಎಫ್‌ಎಲ್ 5,600, ಸಿ2 7,200

ಬೆಂಬಲ ಬೆಲೆ ನಾಲ್ವರಿಗೂ 4,886 ರೂ. ಹತ್ತು ಕ್ವಿಂಟಾಲ್ ಪಡೆದವನಿಗೆ ಭೂಮಿಯ ಗೇಣಿಯೂ ಹುಟ್ಟಿ ಲಾಭ ಉಳಿಯುತ್ತದೆ. ಎಂಟು ಕ್ವಿಂಟಾಲಿನವನು ಎಲ್ಲ ವೆಚ್ಚವನ್ನೂ ಸರಿದೂಗಿಸಿಕೊಂಡು ಅಲ್ಪ ಲಾಭ ಕಾಣುತ್ತಾನೆ. ಆರು ಕ್ವಿಂಟಾಲಿನವನಿಗೆ ಮನೆಮಂದಿಯ ಕೂಲಿ ಮಾತ್ರ ಬಂತು, ಭೂಮಿ ಪುಕ್ಕಟೆ ದುಡಿಯಿತು. ಐದು ಕ್ವಿಂಟಾಲಿನವನಿಗೆ ಆ ಕೂಲಿಯೂ ಪೂರ್ತಿ ಹುಟ್ಟಲಿಲ್ಲ. ಬೆಲೆ ಏರಿದ ಸುದ್ದಿಯನ್ನು ಓದಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ನನ್ನ ಹೊಲದಲ್ಲಿ ಈ ಬೆಲೆಗೆ ವೆಚ್ಚ ಹುಟ್ಟಲು ಎಷ್ಟು ಕ್ವಿಂಟಾಲ್ ಬೇಕು?’ ಎಂಬುದು. ಈ ಉದಾಹರಣೆಯಲ್ಲಿ 28,000ವನ್ನು 4,886ರಿಂದ ಭಾಗಿಸಿದರೆ ಉತ್ತರ ಸುಮಾರು 5.7 ಕ್ವಿಂಟಾಲ್. ಸಿ2 ವೆಚ್ಚ ಹುಟ್ಟಲು ಸುಮಾರು 7.4 ಕ್ವಿಂಟಾಲ್ ಬೇಕು.

ವೆಚ್ಚದ ಪಟ್ಟಿಯನ್ನು ಮತ್ತೊಮ್ಮೆ ಗಮನಿಸಿ. ಅತಿ ಕಡಿಮೆ ಹಣ ಹೋಗಿರುವುದು ಬೀಜಕ್ಕೆ. ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು-28, ಎಂಎಲ್-365ರಂತಹ ತಳಿಗಳ ಪ್ರಮಾಣಿತ ಬೀಜ, ಸಕಾಲದ ಬಿತ್ತನೆ, ಮೊದಲ 4-5 ವಾರಗಳಲ್ಲಿ ಕಳೆ ಹತೋಟಿ: ಇವುಗಳಿಂದ ವೆಚ್ಚ ಹೆಚ್ಚು ಏರುವುದಿಲ್ಲ, ಆದರೆ ಆರು ಕ್ವಿಂಟಾಲನ್ನು ಎಂಟಕ್ಕೆ ಒಯ್ಯುವ ಶಕ್ತಿ ಇವುಗಳಿಗಿದೆ. ಬೇಸಾಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಒಂದಾಗುವುದು ಇಲ್ಲಿಯೇ.

ಜುಲೈ-ಸೆಪ್ಟೆಂಬರ್: ಇನ್ನೊಂದು ಚೀಲ ಹಾಕಬೇಕೇ?

ಬೆಳೆ ಹೊಲದಲ್ಲಿರುವಾಗ ಅರ್ಥಶಾಸ್ತ್ರ ವಿಭಾಗ ನೀಡುವ ಮುಖ್ಯ ಸಲಹೆ ಪರಿಕರಗಳ ಬಳಕೆಗೆ ಸಂಬಂಧಿಸಿದ್ದು. ಅಲ್ಲಿನ ಒಂದು ಹಳೆಯ ತತ್ವ ಪ್ರತಿ ರೈತನಿಗೂ ಅನುಭವದಿಂದ ಗೊತ್ತಿರುವಂಥದ್ದು: ಮೊದಲ ಚೀಲ ಗೊಬ್ಬರ ಕೊಡುವಷ್ಟು ಇಳುವರಿಯನ್ನು ಎರಡನೆಯ ಚೀಲ ಕೊಡುವುದಿಲ್ಲ, ಎರಡನೆಯದು ಕೊಡುವಷ್ಟನ್ನು ಮೂರನೆಯದು ಕೊಡುವುದಿಲ್ಲ. ಇದಕ್ಕೆ ಇಳಿಮುಖ ಪ್ರತಿಫಲದ ನಿಯಮವೆಂದು ಹೆಸರು. ಅತಿ ಹೆಚ್ಚು ಇಳುವರಿ ಕೊಡುವ ಪ್ರಮಾಣಕ್ಕೂ ಅತಿ ಹೆಚ್ಚು ಲಾಭ ಕೊಡುವ ಪ್ರಮಾಣಕ್ಕೂ ಇರುವ ಅಂತರ ಇದರಿಂದಲೇ ಹುಟ್ಟುತ್ತದೆ.

ಲೆಕ್ಕ ಹೀಗೆ ಮಾಡಿ. 50 ಕೆ.ಜಿ.ಯ ಒಂದು ಚೀಲ ಡಿಎಪಿಯ ಬೆಲೆ 1,350 ರೂ. ಮುಸುಕಿನ ಜೋಳಕ್ಕೆ 2,400 ರೂ. ಬೆಂಬಲ ಬೆಲೆ ಸಿಕ್ಕರೆ ಆ ಹಣ ಮರಳಲು ಸುಮಾರು 56 ಕೆ.ಜಿ. ಹೆಚ್ಚುವರಿ ಕಾಳು ಬೇಕು. ಪೇಟೆಯಲ್ಲಿ 1,800 ರೂ. ಮಾತ್ರ ಸಿಕ್ಕರೆ 75 ಕೆ.ಜಿ. ಬೇಕು. ಮಣ್ಣಿನಲ್ಲಿ ರಂಜಕ ಈಗಾಗಲೇ ಹೆಚ್ಚಾಗಿರುವ ಹೊಲದಲ್ಲಿ ಹೆಚ್ಚುವರಿ ಚೀಲ ಇಷ್ಟು ಕಾಳನ್ನು ಕೊಡಲಾರದು. ಅಂಥ ಹೊಲದಲ್ಲಿ ಮಣ್ಣು ಪರೀಕ್ಷೆಯ ವರದಿಯೇ ಉಳಿತಾಯದ ಚೀಟಿ.

ಯೂರಿಯಾದ ಲೆಕ್ಕ ಬೇರೆ. 45 ಕೆ.ಜಿ.ಯ ಚೀಲಕ್ಕೆ 266.50 ರೂ. ಮಾತ್ರ ಇರುವುದರಿಂದ ಸುಮಾರು 11ರಿಂದ 15 ಕೆ.ಜಿ. ಮುಸುಕಿನ ಜೋಳದಲ್ಲಿ ಅದರ ಹಣ ಹುಟ್ಟುತ್ತದೆ. ಅಗ್ಗವಾಗಿದೆಯೆಂದು ಹೆಚ್ಚು ಹಾಕುವ ಅಭ್ಯಾಸಕ್ಕೆ ಕಾರಣ ಇದೇ. ಆದರೆ ಅತಿಯಾದ ಸಾರಜನಕದಿಂದ ಬೆಳೆ ನೆಲಕ್ಕೊರಗುತ್ತದೆ, ಮಾಗುವುದು ತಡವಾಗುತ್ತದೆ, ರೋಗ ಮತ್ತು ಕೀಟಗಳ ಬಾಧೆ ಹೆಚ್ಚುತ್ತದೆ. ಚೀಲದ ಬೆಲೆಯಲ್ಲಿ ಕಾಣದ ವೆಚ್ಚ ಔಷಧಿ ಅಂಗಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲುಗೊಬ್ಬರವನ್ನು ಮಣ್ಣಿನಲ್ಲಿ ತೇವವಿದ್ದಾಗ ಶಿಫಾರಸಿನ ಪ್ರಮಾಣದಲ್ಲಿ ಕಂತುಗಳಾಗಿ ಕೊಡುವುದೇ ಲಾಭದ ಕ್ರಮ.

ಇದೇ ಅವಧಿಯಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಕಂತು ಕಟ್ಟುವ ಕೊನೆಯ ದಿನಾಂಕಗಳೂ ಬರುತ್ತವೆ. ರೈತರ ಪಾಲು ಮುಂಗಾರು ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಗರಿಷ್ಠ ಶೇ. 2, ಹಿಂಗಾರಿಗೆ ಶೇ. 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ಐದು ಕ್ವಿಂಟಾಲಿಗೆ ಇಳಿಯುವ ಅಪಾಯವಿರುವ ಮಳೆಯಾಶ್ರಿತ ಹೊಲಕ್ಕೆ ಇದನ್ನು ಬೇಸಾಯ ವೆಚ್ಚದ ಒಂದು ಬಾಬ್ತೆಂದೇ ಎಣಿಸುವುದು ಒಳ್ಳೆಯದು.

ಅಕ್ಟೋಬರ್: ಹಿಂಗಾರಿನ ಬೆಲೆ

ಹಿಂಗಾರು ಬೆಳೆಗಳ ಬೆಂಬಲ ಬೆಲೆ 2025ರ ಅಕ್ಟೋಬರ್ 1ರಂದು ಪ್ರಕಟವಾಯಿತು. ಕಡಲೆಗೆ 5,875 ರೂ., ಗೋಧಿಗೆ 2,585 ರೂ., ಕುಸುಬೆಗೆ 6,540 ರೂ. ನಿಗದಿಯಾಯಿತು. ಕುಸುಬೆಗೆ ಒಂದೇ ವರ್ಷದಲ್ಲಿ 600 ರೂ. ಹೆಚ್ಚಳವಾದದ್ದು ಕಪ್ಪು ಮಣ್ಣಿನ ಜಿಲ್ಲೆಗಳ ರೈತರು ಗಮನಿಸಬೇಕಾದ ಅಂಶ. ಕಡಲೆಯ ಜೊತೆಗೆ ಕುಸುಬೆಯ ಸಾಲುಗಳನ್ನು ಇಟ್ಟುಕೊಂಡವರು ತೇವಾಂಶ ಕಡಿಮೆಯಾದ ವರ್ಷದಲ್ಲಿಯೂ ಒಂದು ಬೆಳೆಯನ್ನಾದರೂ ಉಳಿಸಿಕೊಳ್ಳುತ್ತಾರೆ; ಕುಸುಬೆಯ ಬೇರು ಆಳಕ್ಕಿಳಿದು ನೀರನ್ನು ಹುಡುಕಬಲ್ಲದು.

ನವೆಂಬರ್-ಜನವರಿ: ಘೋಷಿತ ಬೆಲೆ ಮತ್ತು ಪೇಟೆಯ ಬೆಲೆ

ವರ್ಷದ ಅತ್ಯಂತ ಕಹಿಯಾದ ಸುದ್ದಿ ಬಂದದ್ದು ಈ ಅವಧಿಯಲ್ಲಿ. 2025ರ ನವೆಂಬರ್‌ನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಮುಸುಕಿನ ಜೋಳದ ಬೆಲೆ ಕ್ವಿಂಟಾಲಿಗೆ 1,600ರಿಂದ 1,800 ರೂ.ಗಳ ಆಸುಪಾಸಿಗೆ ಕುಸಿಯಿತು. ಬೆಂಬಲ ಬೆಲೆ 2,400 ರೂ. ಹೆಸರುಕಾಳಿನ ಬೆಂಬಲ ಬೆಲೆ 8,768 ರೂ. ಇದ್ದರೂ ಪೇಟೆಯಲ್ಲಿ ಸುಮಾರು 5,400 ರೂ. ಸಿಗುತ್ತಿತ್ತು. ರೈತರು ಬೀದಿಗಿಳಿದರು, ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು.

ಬೆಂಬಲ ಬೆಲೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಬೆಲೆ ಕೈಗೆ ಸಿಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಖಾಸಗಿ ವ್ಯಾಪಾರಿ ಆ ಬೆಲೆಗೇ ಕೊಳ್ಳಬೇಕೆಂಬ ಕಾನೂನಿಲ್ಲ. ಬೆಲೆ ಸಿಗಬೇಕಾದರೆ ಖರೀದಿ ಕೇಂದ್ರ ತೆರೆಯಬೇಕು, ನೀವು ನೋಂದಾಯಿಸಿಕೊಂಡಿರಬೇಕು, ಧಾನ್ಯ ಗುಣಮಟ್ಟದಲ್ಲಿರಬೇಕು. ಖರೀದಿಯ ವ್ಯವಸ್ಥೆಯೂ ಎಲ್ಲ ಬೆಳೆಗಳಿಗೆ ಒಂದೇ ಅಲ್ಲ. ಬೇಳೆಕಾಳು ಮತ್ತು ಎಣ್ಣೆಕಾಳುಗಳನ್ನು ಬೆಲೆ ಬೆಂಬಲ ಯೋಜನೆಯಡಿ ನಾಫೆಡ್‌ನಂತಹ ಸಂಸ್ಥೆಗಳ ಮೂಲಕ ಕೊಳ್ಳಲಾಗುತ್ತದೆ. ತೊಗರಿ, ಉದ್ದು ಮತ್ತು ಮಸೂರ್ ಬೇಳೆಗಳ ಪೂರ್ಣ ಉತ್ಪಾದನೆಯನ್ನು 2028-29ರವರೆಗೆ ಕೊಳ್ಳಲು ಅವಕಾಶ ಕಲ್ಪಿಸುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಹೆಸರುಕಾಳು ಆ ಮೂರರಲ್ಲಿ ಇಲ್ಲ. ರಾಗಿ, ಜೋಳ, ಭತ್ತಗಳನ್ನು ಮುಖ್ಯವಾಗಿ ಪಡಿತರಕ್ಕಾಗಿ ಕೊಳ್ಳುತ್ತಾರೆ. ಪಡಿತರದಲ್ಲಿ ಬಳಕೆಯಿಲ್ಲದ ಮುಸುಕಿನ ಜೋಳ ಕೋಳಿ ಆಹಾರ, ಪಿಷ್ಟ ಮತ್ತು ಎಥೆನಾಲ್ ಕಾರ್ಖಾನೆಗಳ ಬೇಡಿಕೆಯನ್ನೇ ನೆಚ್ಚಿಕೊಂಡಿದೆ. ಬಿತ್ತನೆ ವಿಸ್ತಾರಗೊಂಡು, ಕೊಯ್ಲಾದ ಕಾಳೆಲ್ಲ ಒಂದೇ ತಿಂಗಳಲ್ಲಿ ಪೇಟೆಗೆ ಬಂದಾಗ ಆ ಬೇಡಿಕೆ ಸಾಲದಾಗುತ್ತದೆ.

ತೊಗರಿಯ ಕಥೆಯೂ ಇದೇ ಪಾಠವನ್ನು ಕಲಿಸುತ್ತದೆ. 2024ರಲ್ಲಿ ಕಲಬುರಗಿ ಭಾಗದಲ್ಲಿ ಕ್ವಿಂಟಾಲಿಗೆ 10,000 ರೂ. ದಾಟಿದ್ದ ಬೆಲೆ 2025ರ ಆರಂಭದ ಸುಗ್ಗಿಯಲ್ಲಿ ಇಳಿಯಿತು. ಆಗ ಕೇಂದ್ರದ 7,550 ರೂ. ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 450 ರೂ. ಪ್ರೋತ್ಸಾಹಧನ ಸೇರಿಸಿ 8,000 ರೂ. ನೀಡಿತು. ಹಿಂದಿನ ವರ್ಷದ ಬೆಲೆಯನ್ನು ನೋಡಿ ಈ ವರ್ಷ ಎಲ್ಲರೂ ಅದೇ ಬೆಳೆ ಬಿತ್ತಿದರೆ ಮುಂದಿನ ಸುಗ್ಗಿಯಲ್ಲಿ ಬೆಲೆ ಇಳಿಯುತ್ತದೆ. ಇಳಿದುದನ್ನು ನೋಡಿ ಎಲ್ಲರೂ ಬಿಟ್ಟರೆ ಮತ್ತೆ ಏರುತ್ತದೆ. ಈ ಏರಿಳಿತದಿಂದ ತಪ್ಪಿಸಿಕೊಳ್ಳುವ ನೆಚ್ಚಿನ ಉಪಾಯ, ಎಲ್ಲ ಭೂಮಿಯನ್ನೂ ಒಂದೇ ಬೆಳೆಗೆ ಒಪ್ಪಿಸದಿರುವುದು. ರಾಗಿಯಲ್ಲಿ ತೊಗರಿ ಅಥವಾ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರ ಪದ್ಧತಿ ಮಳೆಯ ಅಪಾಯಕ್ಕಷ್ಟೇ ಅಲ್ಲ, ಬೆಲೆಯ ಅಪಾಯಕ್ಕೂ ಮದ್ದು.

*ಒಣಗಿಸಿ ಮಾರಬೇಕೇ?* ಖರೀದಿ ಕೇಂದ್ರದಲ್ಲಿ ಮುಸುಕಿನ ಜೋಳದ ತೇವಾಂಶ ಶೇ. 14, ರಾಗಿ ಮತ್ತು ತೊಗರಿಯದು ಶೇ. 12 ಮೀರುವಂತಿಲ್ಲ. ಶೇ. 18 ತೇವಾಂಶವಿರುವ 100 ಕೆ.ಜಿ. ಮುಸುಕಿನ ಜೋಳವನ್ನು ಶೇ. 14ಕ್ಕೆ ಒಣಗಿಸಿದರೆ ಸುಮಾರು 95.3 ಕೆ.ಜಿ. ಉಳಿಯುತ್ತದೆ. ಹಸಿ ಕಾಳಿಗೆ 1,700 ರೂ., ಒಣಗಿದ್ದಕ್ಕೆ 1,800 ರೂ. ಕೊಡುವ ಪೇಟೆಯಲ್ಲಿ ಒಣಗಿಸಿದವನಿಗೆ ಸಿಗುವುದು ಸುಮಾರು 1,716 ರೂ.; ಲಾಭ 16 ರೂ. ಮಾತ್ರ, ಅದರಲ್ಲಿ ಕೂಲಿಯೂ ಹುಟ್ಟದು. ಆದರೆ ಒಣಗಿಸಿದ್ದರಿಂದ 2,400 ರೂ.ಗಳ ಖರೀದಿ ಕೇಂದ್ರಕ್ಕೆ ಪ್ರವೇಶ ಸಿಗುವುದಾದರೆ ಅದೇ ಕಾಳಿಗೆ ಸುಮಾರು 2,288 ರೂ. ಬರುತ್ತದೆ. ಒಣಗಿಸುವ ಮುನ್ನ ಎಲ್ಲಿ ಮಾರುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಮನೆಯಲ್ಲಿ ದಾಸ್ತಾನಿಡುವವರು ಮಾತ್ರ ಒಣಗಿಸಲೇಬೇಕು. ತೇವವಿರುವ ಕಾಳಿಗೆ ಬೂಸ್ಟು ಹಿಡಿಯುತ್ತದೆ.

*ಕಾದು ಮಾರಬೇಕೇ?* ಇದಕ್ಕೂ ಲೆಕ್ಕವಿದೆ. ಉದಾಹರಣೆಗೆ 1,800 ರೂ.ಗಳ ಕಾಳನ್ನು 3 ತಿಂಗಳು ಇಟ್ಟರೆ, ತಿಂಗಳಿಗೆ ಶೇ. 1ರಂತೆ ಬಡ್ಡಿ 54 ರೂ., ಉಗ್ರಾಣದ ಬಾಡಿಗೆ 24 ರೂ., ಶೇ. 2ರಷ್ಟು ತೂಕ ನಷ್ಟ 36 ರೂ. ಎಂದಿಟ್ಟುಕೊಂಡರೆ ಒಟ್ಟು 114 ರೂ. ಅಂದರೆ ಮೂರು ತಿಂಗಳ ನಂತರ 1,914 ರೂ.ಗಿಂತ ಹೆಚ್ಚು ಸಿಗುವ ಭರವಸೆಯಿದ್ದರೆ ಮಾತ್ರ ಕಾಯುವುದು ಸರಿ. ಕೈಸಾಲ ತೀರಿಸಲು ಸುಗ್ಗಿಯಲ್ಲೇ ಮಾರಬೇಕಾದ ಸಣ್ಣ ರೈತರಿಗೆ ಉಗ್ರಾಣ ರಶೀದಿಯ ಮೇಲಿನ ಅಡಮಾನ ಸಾಲ ಒಂದು ದಾರಿ. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿರುವ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಕೊಯ್ಲಿನ ನಂತರ 6 ತಿಂಗಳವರೆಗೆ ಇಂತಹ ಸಾಲ ರಿಯಾಯಿತಿ ಬಡ್ಡಿಯಲ್ಲಿ ಲಭ್ಯ.

ಫೆಬ್ರವರಿ-ಮಾರ್ಚ್: ಸಾಲ ಮತ್ತು ಬಡ್ಡಿ

ಆಯವ್ಯಯದ ಈ ತಿಂಗಳುಗಳಲ್ಲಿ ಸಾಲದ ಸುದ್ದಿಗಳು ಹೆಚ್ಚು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ ಬಡ್ಡಿ ಶೇ. 7, ಸಕಾಲದಲ್ಲಿ ಮರುಪಾವತಿಸಿದವರಿಗೆ ಶೇ. 3ರ ರಿಯಾಯಿತಿ ದೊರೆತು ಶೇ. 4 ಆಗುತ್ತದೆ. ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 3,000 ರೂ. ಉಳಿತಾಯ. ಮೇಲಿನ ಉದಾಹರಣೆಯ ಸಿ2 ಲೆಕ್ಕದಲ್ಲಿ ಎಂಟು ಕ್ವಿಂಟಾಲ್ ರಾಗಿ ಬೆಳೆದವನ ಇಡೀ ಎಕರೆಯ ಲಾಭ 3,088 ರೂ. ಎಂಬುದನ್ನು ನೆನೆದರೆ, ಮರುಪಾವತಿಯ ದಿನಾಂಕದ ಬೆಲೆ ತಿಳಿಯುತ್ತದೆ. ರಾಜ್ಯದ ಸಹಕಾರಿ ಸಂಘಗಳಲ್ಲಿ 5 ಲಕ್ಷ ರೂ.ವರೆಗಿನ ಅಲ್ಪಾವಧಿ ಸಾಲಕ್ಕೆ ಶೂನ್ಯ ಬಡ್ಡಿಯಿದ್ದು, ಅದರ ಪ್ರಯೋಜನವೂ ಅವಧಿಯೊಳಗೆ ಕಟ್ಟಿದವರಿಗೆ ಮಾತ್ರ.

ಏಪ್ರಿಲ್-ಮೇ: ಲೆಕ್ಕ ಮುಗಿಸಿ, ಮುಂದಿನ ಯೋಜನೆ

ಬಿತ್ತನೆಗೆ ಮುಂಚಿನ ಈ ಬಿಡುವು ಕಳೆದ ವರ್ಷದ ಪುಸ್ತಕ ತೆರೆಯಲು ಸಕಾಲ. ಬೆಲೆ ಮುನ್ಸೂಚನೆಗಳನ್ನು ಓದುವಾಗ ಎರಡು ಎಚ್ಚರಿಕೆ ಅಗತ್ಯ. ಮುನ್ಸೂಚನೆಯು ಹಿಂದಿನ ವರ್ಷಗಳ ಬೆಲೆಯ ಜಾಡನ್ನು ಆಧರಿಸಿದ ಅಂದಾಜು. ಆಮದು-ರಫ್ತು ನೀತಿ ಬದಲಾದರೆ ಅಥವಾ ಮಳೆ ಕೈಕೊಟ್ಟರೆ ಅದು ಬದಲಾಗುತ್ತದೆ. ಎರಡನೆಯದಾಗಿ, ಅದು ಕೊಡುವುದು ಒಂದು ವ್ಯಾಪ್ತಿಯನ್ನು. ಯಾವಾಗಲೂ ಆ ವ್ಯಾಪ್ತಿಯ ಕೆಳಗಿನ ಅಂಕಿಯನ್ನು ಹಿಡಿದು ನಿಮ್ಮ ವೆಚ್ಚದೊಂದಿಗೆ ಹೋಲಿಸಿ. ಕೆಳಗಿನ ಬೆಲೆಯಲ್ಲೂ ಎ2 + ಎಫ್‌ಎಲ್ ವೆಚ್ಚ ಹುಟ್ಟುವ ಬೆಳೆಗೆ ಹೆಚ್ಚು ಭೂಮಿ ಕೊಡಿ. ಮೇಲಿನ ಬೆಲೆ ಸಿಕ್ಕರೆ ಮಾತ್ರ ಲಾಭವಾಗುವ ಬೆಳೆಗೆ ಕಡಿಮೆ ಭೂಮಿ ಸಾಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಪ್ರತಿ ತಾಕಿಗೆ ಒಂದು ಪುಟದಂತೆ ಲೆಕ್ಕದ ಪುಸ್ತಕವಿಡಿ. ದಿನಾಂಕ, ಮಾಡಿದ ಕೆಲಸ, ಕೂಲಿ ಆಳು, ಮನೆಯ ಆಳು, ಪರಿಕರ, ಕೊಟ್ಟ ಹಣ ಎಂಬ 6 ಅಂಕಣಗಳು ಸಾಕು.
2. ಮನೆಮಂದಿಯ, ವಿಶೇಷವಾಗಿ ಹೆಣ್ಣುಮಕ್ಕಳ ದುಡಿಮೆಯನ್ನು ಆ ದಿನವೇ ಬರೆಯಿರಿ. ಕಳೆ, ಕೊಯ್ಲು ಮತ್ತು ಒಕ್ಕಣೆಯಲ್ಲಿ ಅವರ ಪಾಲೇ ಹೆಚ್ಚು. ಲೆಕ್ಕದಿಂದ ಮೊದಲು ಬಿಟ್ಟುಹೋಗುವುದೂ ಅದೇ.
3. ಕಾಳು ಮತ್ತು ಹುಲ್ಲನ್ನು ತೂಗಿ ಬರೆಯಿರಿ. ಮನೆ ಬಳಕೆಗೆ ಉಳಿಸಿಕೊಂಡದ್ದಕ್ಕೂ ಪೇಟೆಯ ಬೆಲೆ ಹಾಕಿ.
4. ಬೆಂಬಲ ಬೆಲೆ ಪ್ರಕಟವಾದ ದಿನ, ವೆಚ್ಚ ಹುಟ್ಟಲು ಎಕರೆಗೆ ಎಷ್ಟು ಕ್ವಿಂಟಾಲ್ ಬೇಕೆಂದು ಲೆಕ್ಕ ಹಾಕಿ.
5. ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ, ಬೆಳೆ ಸಮೀಕ್ಷೆಯಲ್ಲಿ ಸರಿಯಾದ ಬೆಳೆ ದಾಖಲಾಗಿದೆಯೇ ಎಂದು ಕೊಯ್ಲಿಗೆ ಮುನ್ನವೇ ಪರಿಶೀಲಿಸಿ. ಖರೀದಿ ಕೇಂದ್ರದ ನೋಂದಣಿಗೆ ಇವು ಬೇಕು.
6. ಪ್ರತಿ ರೈತನಿಂದ ಕೊಳ್ಳುವ ಪ್ರಮಾಣಕ್ಕೆ ಮಿತಿ ಇರುತ್ತದೆ. ಆ ವರ್ಷದ ಆದೇಶವನ್ನು ನೋಡಿ, ಮಿತಿಗಿಂತ ಹೆಚ್ಚಿನ ಕಾಳಿಗೆ ಪೇಟೆಯ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.
7. ಮಾರುವ ಮುನ್ನ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸುತ್ತಲಿನ ಮೂರು ಮಾರುಕಟ್ಟೆಗಳ ಮಾದರಿ ಬೆಲೆಯನ್ನು ಹೋಲಿಸಿ. ಗರಿಷ್ಠ ಬೆಲೆ ಒಂದೆರಡು ಲಾಟುಗಳಿಗೆ ಮಾತ್ರ ಸಿಕ್ಕಿರಬಹುದು; ಹೆಚ್ಚಿನ ಕಾಳು ಮಾರಾಟವಾದದ್ದು ಮಾದರಿ ಬೆಲೆಯಲ್ಲಿ.

ಬೆಲೆಯನ್ನು ನಿರ್ಧರಿಸುವ ಅಧಿಕಾರ ರೈತನ ಕೈಯಲ್ಲಿಲ್ಲ. ತನ್ನ ವೆಚ್ಚವೆಷ್ಟು ಎಂದು ತಿಳಿದುಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಲೆಕ್ಕ ಬರೆದಿಟ್ಟವನು ಯಾವ ಬೆಳೆಯನ್ನು ಕಡಿಮೆ ಮಾಡಬೇಕು, ಯಾವ ಖರ್ಚನ್ನು ಬಿಡಬೇಕು, ಯಾವ ಬೆಲೆಗೆ ಮಾರಲೊಲ್ಲೆ ಎನ್ನಬೇಕು ಎಂಬುದನ್ನು ಅರಿತಿರುತ್ತಾನೆ. ಬರೆಯದವನಿಗೆ ಸಾಲದ ನೋಟಿಸು ಬಂದಾಗಲೇ ನಷ್ಟ ತಿಳಿಯುತ್ತದೆ. ಲೆಕ್ಕದ ಪುಸ್ತಕವನ್ನು ಆರಂಭಿಸಲು, ಮಣ್ಣು ಪರೀಕ್ಷೆಗೆ ಮತ್ತು ಬೆಳೆ ಯೋಜನೆಗೆ ನಿಮ್ಮ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ನೆರವನ್ನು ಪಡೆಯಬಹುದು.